ಇಂಗಾಲದ ಸೈಕಲ್ಲಿಗೂ ತೇಪೆ ಉಂಟು

ಉಕ್ಕಿನ ಸೈಕಲ್ಲಿನ ಚೌಕಟ್ಟು ಮುರಿದರೆ ಏನು ಮಾಡಬೇಕೆಂಬುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಬೆಸುಗೆ ಹಾಕಿ ಕೊಡುತ್ತಾರೆ, ಸೈಕಲ್ ಮತ್ತೆ ರಸ್ತೆಗೆ ಇಳಿಯುತ್ತದೆ. ಆದರೆ ಲಕ್ಷಗಟ್ಟಲೆ ಬೆಲೆಬಾಳುವ ಕಾರ್ಬನ್ ಫೈಬರ್ ಸೈಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಎಸೆಯುವುದೊಂದೇ ದಾರಿ ಎಂಬ ನಂಬಿಕೆ ಬಹುಕಾಲ ಇತ್ತು. ಈ ನಂಬಿಕೆ ಹುಟ್ಟಿದ್ದು ಮತ್ತು ಸಡಿಲಗೊಂಡದ್ದು ಎರಡೂ ಆ ವಸ್ತುವಿನ ಇತಿಹಾಸದಲ್ಲೇ ಅಡಗಿವೆ.

ಬಲ್ಬಿನಿಂದ ವಿಮಾನಕ್ಕೆ

ಇಂಗಾಲದ ಎಳೆ ಹೊಸದೇನಲ್ಲ. ವಿದ್ಯುತ್ ದೀಪಕ್ಕಾಗಿ ಥಾಮಸ್ ಎಡಿಸನ್ 1880ರಲ್ಲಿ ಬಿದಿರಿನ ಎಳೆಯನ್ನು ಸುಟ್ಟು ಇಂಗಾಲವಾಗಿಸಿ ಬಳಸಿದ್ದ. ಅದು ಬೆಳಕು ಕೊಟ್ಟಿತೇ ಹೊರತು ಭಾರ ಹೊರುವಂತಿರಲಿಲ್ಲ. ಗಟ್ಟಿಯಾದ ಇಂಗಾಲದ ನಾರನ್ನು ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರೋಜರ್ ಬೇಕನ್ 1958ರಲ್ಲಿ ಕಂಡುಕೊಂಡರು. ಸ್ವೆಟರಿಗೆ ಬಳಸುವ ಅಕ್ರಿಲಿಕ್ ನೂಲಿನ ಜಾತಿಯ ನಾರಿನಿಂದಲೇ ಇದನ್ನು ತಯಾರಿಸಬಹುದೆಂದು ಜಪಾನಿನ ಒಸಾಕಾದ ಸರ್ಕಾರಿ ಸಂಶೋಧನಾಲಯದ ಅಕಿಯೊ ಶಿಂಡೊ ತೋರಿಸಿದರು. 1960ರ ದಶಕದಲ್ಲಿ ಬ್ರಿಟನ್ನಿನ ಫಾರ್ನ್‌ಬರೋದಲ್ಲಿದ್ದ ವಿಮಾನ ಸಂಶೋಧನಾ ಕೇಂದ್ರದ ತಜ್ಞರು ಅದರ ಬಲವನ್ನು ಇನ್ನಷ್ಟು ಹೆಚ್ಚಿಸಿದರು.

ಈ ನಾರಿನ ಒಂದೊಂದು ಎಳೆಯ ದಪ್ಪ ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು. ಎಳೆಗಳನ್ನು ಬಟ್ಟೆಯಂತೆ ಹಾಸಿ, ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರವಿಟ್ಟು ಒಣಗಿಸಿದರೆ ಉಕ್ಕಿಗಿಂತ ನಾಲ್ಕೈದು ಪಟ್ಟು ಹಗುರವಾದ, ಆದರೆ ಬಲದಲ್ಲಿ ಅದಕ್ಕೆ ಕಡಿಮೆಯಿಲ್ಲದ ವಸ್ತು ಸಿದ್ಧವಾಗುತ್ತದೆ. ಮನೆಗಳಲ್ಲಿ ಒಡೆದ ಸಾಮಾನು ಅಂಟಿಸುವ ಅರಾಲ್ಡೈಟ್ ಕೂಡ ಎಪಾಕ್ಸಿ ಜಾತಿಯದ್ದೇ.

ಹೊಸ ವಸ್ತುವಿಗೆ ಆರಂಭದಲ್ಲೇ ದೊಡ್ಡ ಪೆಟ್ಟು ಬಿತ್ತು. ರೋಲ್ಸ್ ರಾಯ್ಸ್ ಕಂಪೆನಿ ತನ್ನ ಆರ್‌ಬಿ-211 ವಿಮಾನ ಎಂಜಿನ್ನಿನ ಫ್ಯಾನ್ ಅಲಗುಗಳನ್ನು ಇಂಗಾಲದ ನಾರಿನಿಂದ ಮಾಡಿತು. ಹಕ್ಕಿ ಬಡಿದರೆ ತಾಳುತ್ತವೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಅವು ಚೂರಾದವು. ಕಂಪೆನಿ ಟೈಟಾನಿಯಂ ಲೋಹಕ್ಕೆ ಮರಳಬೇಕಾಯಿತು. ಎಂಜಿನ್ ಯೋಜನೆಯ ಮಿತಿಮೀರಿದ ವೆಚ್ಚದಿಂದ 1971ರ ಫೆಬ್ರುವರಿಯಲ್ಲಿ ಅದು ದಿವಾಳಿಯೂ ಆಯಿತು. ಇಂಗಾಲದ ನಾರು ಬಾಗದು, ಪೆಟ್ಟು ಬಿದ್ದರೆ ಒಮ್ಮೆಲೇ ಮುರಿದೀತು ಎಂಬ ಭಯಕ್ಕೆ ಇಂಥ ಆಧಾರಗಳಿದ್ದವು.

ಸೈಕಲ್ಲಿಗೆ ಬಂದ ಬಗೆ

ವಿಮಾನ ಹಾರಿಸಿದ ರೈಟ್ ಸಹೋದರರು ಮೂಲತಃ ಸೈಕಲ್ ಅಂಗಡಿಯವರು. ಅಂದು ಸೈಕಲ್ ವಿಮಾನಕ್ಕೆ ಕೊಟ್ಟ ಸಾಲವನ್ನು ವಿಮಾನ 1970ರ ದಶಕದಲ್ಲಿ ತೀರಿಸಿತು ಎಂದರೆ ತಪ್ಪಾಗಲಾರದು. ಆ ದಶಕದಲ್ಲಿ ಅಮೆರಿಕದ ತೈಲ ಕಂಪೆನಿ ಎಕ್ಸಾನ್, ಗ್ರಾಫ್‌ಟೆಕ್ ಎಂಬ ಹೆಸರಿನಲ್ಲಿ ಇಂಗಾಲದ ನಾರಿನ ಕೊಳವೆಗಳಿದ್ದ ಸೈಕಲ್ ತಂದಿತು. ಅಂದಿನ ಚೌಕಟ್ಟುಗಳಲ್ಲಿ ಸಂದುಗಳು ಲೋಹದ್ದೇ ಆಗಿದ್ದವು. ಇಂಗಾಲಕ್ಕೆ ತಾಗಿದ ಅಲ್ಯೂಮಿನಿಯಂ ತೇವದಲ್ಲಿ ಬೇಗ ಸವೆಯುವುದರಿಂದ ಅಂಥ ಸಂದುಗಳೇ ದುರ್ಬಲ ಸ್ಥಾನಗಳಾದವು.

1986ರಲ್ಲಿ ಗ್ರೆಗ್ ಲಿಮಾಂಡ್ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಇಂಗಾಲದ ನಾರಿನ ಸೈಕಲ್ ಏರಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಲೋಟಸ್ ಕಂಪೆನಿಯ ವಿಚಿತ್ರ ಆಕಾರದ ಇಂಗಾಲದ ಸೈಕಲ್ಲಿನಲ್ಲಿ 4,000 ಮೀಟರ್ ಸ್ಪರ್ಧೆಯ ಚಿನ್ನ ಗೆದ್ದ ಮೇಲಂತೂ ಜಗತ್ತಿನ ಕಣ್ಣು ಅತ್ತ ತಿರುಗಿತು. ಕ್ರಮೇಣ ಪಂದ್ಯದ ಸೈಕಲ್ಲುಗಳಿಂದ ಉಕ್ಕು, ಅಲ್ಯೂಮಿನಿಯಂ ಹಿಂದೆ ಸರಿದವು.

ತಟ್ಟಿ ನೋಡುವ ಪರೀಕ್ಷೆ

ಉಕ್ಕಿನ ಕೊಳವೆ ಪೆಟ್ಟು ತಿಂದರೆ ಮೊದಲು ಬಾಗಿ ಎಚ್ಚರಿಸುತ್ತದೆ. ಇಂಗಾಲದ ಕೊಳವೆಯಲ್ಲಿ ಹೊರಗೆ ಬಣ್ಣ ನೆಟ್ಟಗಿದ್ದರೂ ಒಳಗೆ ಪದರಗಳು ಬಿಟ್ಟಿರಬಹುದು. ಇಳಿಜಾರಿನಲ್ಲಿ ವೇಗವಾಗಿ ಹೋಗುವಾಗ ಅದು ಮುರಿದರೆ ಸವಾರನ ಪ್ರಾಣಕ್ಕೇ ಅಪಾಯ. ಹಾಗಾಗಿ ಎಸೆಯುವುದೇ ಕ್ಷೇಮವೆನಿಸಿದ್ದು ಸಹಜ.

ಆದರೆ ಒಂದು ಅಂಶ ಮರೆತುಹೋಗಿತ್ತು. ಚೌಕಟ್ಟಿಗೆ ಹೆಚ್ಚಾಗಿ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದು ಕುಲುಮೆಯ ಶಾಖ ಸಂಸ್ಕಾರದಿಂದ. ಮುರಿದಲ್ಲಿ ಬೆಸುಗೆ ಹಾಕಿದರೆ ಆ ಜಾಗದಲ್ಲಿ ಸಂಸ್ಕಾರ ಕೆಡುತ್ತದೆ. ಇಂಗಾಲದ ಚೌಕಟ್ಟಾದರೋ ಕೈಯಿಂದ ಪದರ ಹಾಸಿ ಅಂಟಿಸಿ ಮಾಡಿದ್ದು. ಮಾಡಿದ ರೀತಿಯಲ್ಲೇ ಅದನ್ನು ದುರಸ್ತಿ ಮಾಡಬಹುದು. ವಿಮಾನಗಳಲ್ಲಿ, ದೋಣಿಗಳಲ್ಲಿ ಈ ವಿದ್ಯೆ ಮೊದಲೇ ಬಳಕೆಯಲ್ಲಿತ್ತು. 1991ರಲ್ಲಿ ಲಿಮಾಂಡ್ ತಂಡಕ್ಕೆ ಚೌಕಟ್ಟು ಮಾಡಿಕೊಟ್ಟಿದ್ದ ಕ್ಯಾಲಿಫೋರ್ನಿಯಾದ ಕ್ರೇಗ್ ಕ್ಯಾಲ್ಫಿ 2000ರ ದಶಕದ ಆರಂಭದಲ್ಲಿ ಇತರ ಕಂಪೆನಿಗಳ ಚೌಕಟ್ಟುಗಳನ್ನೂ ದುರಸ್ತಿಗೆ ತೆಗೆದುಕೊಳ್ಳತೊಡಗಿದರು. ಈಗ ಅನೇಕ ದೇಶಗಳಲ್ಲಿ ಇದೊಂದು ಪ್ರತ್ಯೇಕ ಕಸುಬು.

ಕೆಲಸದ ಕ್ರಮ ಹೀಗಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ಇಲ್ಲಿ ನಾಣ್ಯದಿಂದ ತಟ್ಟುತ್ತಾರೆ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಪರೀಕ್ಷೆ. ನಂತರ ಬಣ್ಣ ಕೆರೆದು, ಹಾಳಾದ ನಾರನ್ನು ತೆಗೆದು, ಸುತ್ತಲಿನ ಅಂಚನ್ನು ಇಳಿಜಾರಾಗಿ ಉಜ್ಜುತ್ತಾರೆ. ಈ ಇಳಿಜಾರೇ ಮುಖ್ಯ. ಭಾರವು ಹಳೆಯ ನಾರಿನಿಂದ ಹೊಸ ನಾರಿಗೆ ಮೆಲ್ಲನೆ ದಾಟಲು ಅದು ಬೇಕು. ಅದರ ಮೇಲೆ ಎಪಾಕ್ಸಿಯಲ್ಲಿ ನೆನೆಸಿದ ಬಟ್ಟೆಯ ತೇಪೆಗಳನ್ನು, ಮೂಲ ಎಳೆಗಳು ಯಾವ ದಿಕ್ಕಿನಲ್ಲಿದ್ದವೋ ಅದೇ ದಿಕ್ಕಿನಲ್ಲಿ, ಒಂದರ ಮೇಲೊಂದು ಇಡುತ್ತಾರೆ. ನಿರ್ವಾತ ಚೀಲದಿಂದ ಅಥವಾ ಬಿಗಿಯಾದ ಪಟ್ಟಿಯಿಂದ ಒತ್ತಿ, ಶಾಖ ಕೊಟ್ಟು ಗಟ್ಟಿಮಾಡಿ, ಉಜ್ಜಿ ಬಣ್ಣ ಬಳಿಯುತ್ತಾರೆ. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖವಾಡವಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ.

ಮಿತಿ ಉಂಟು

ಎಲ್ಲಕ್ಕೂ ತೇಪೆ ಸಲ್ಲದು. ಮುಂಚಕ್ರದ ಫೋರ್ಕು ಮತ್ತು ಹ್ಯಾಂಡಲ್ ಮುರಿದರೆ ಸವಾರನಿಗೆ ತಪ್ಪಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ. ಅವನ್ನು ಬದಲಿಸಿ ಎಂದು ಎಷ್ಟೋ ಕಸುಬುದಾರರು ಹಿಂದಿರುಗಿಸುತ್ತಾರೆ.

ಬೆಂಗಳೂರಿಗೆ ಈ ವಸ್ತು ಅಪರಿಚಿತವಲ್ಲ. 2001ರ ಜನವರಿ 4ರಂದು ಇಲ್ಲಿಂದ ಮೊದಲು ಹಾರಿದ ತೇಜಸ್ ಯುದ್ಧ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಇಂಗಾಲದ ನಾರಿನದ್ದೇ. ಅಂಥ ವಿಮಾನದ ರೆಕ್ಕೆ ಬಿರುಕು ಬಿಟ್ಟಿತೆಂದು ವಿಮಾನವನ್ನೇ ಯಾರೂ ಎಸೆಯುವುದಿಲ್ಲ, ಪರೀಕ್ಷಿಸುತ್ತಾರೆ, ಸರಿಪಡಿಸುತ್ತಾರೆ.

ಉಕ್ಕನ್ನು ಗುಜರಿಗೆ ಹಾಕಿದರೆ ಕರಗಿ ಮತ್ತೊಂದು ವಸ್ತುವಾಗುತ್ತದೆ. ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗದು. ಎಸೆದ ಇಂಗಾಲದ ಚೌಕಟ್ಟು ಕೊಳೆಯದೆ ನೆಲದಲ್ಲಿ ಉಳಿಯುತ್ತದೆ. ಬಿರುಕು ಕಂಡ ಸವಾರ ಅದನ್ನು ಕಡೆಗಣಿಸಿ ಏರಿ ಹೋಗುವುದೂ ತಪ್ಪು, ಪರೀಕ್ಷಿಸದೆ ಕಸಕ್ಕೆ ಹಾಕುವುದೂ ತಪ್ಪು. ಎಸೆಯುವ ಮುನ್ನ ಒಮ್ಮೆ ಬಲ್ಲವರ ಕೈಯಲ್ಲಿ ತಟ್ಟಿಸಿ ನೋಡುವುದು ಲೇಸು.