ಗ್ರಿಡ್‌ಲಾಕ್

ಚೌಕುಳಿಯಾಗಿ ಹೆಣೆದ ರಸ್ತೆಗಳಲ್ಲಿ ಅಕ್ಕಪಕ್ಕದ ಜಂಕ್ಷನ್‌ಗಳು ಒಂದನ್ನೊಂದು ಕಟ್ಟಿಹಾಕಿ, ಯಾವ ದಿಕ್ಕಿನ ವಾಹನವೂ ಅಲುಗಾಡದಂತಾಗುವ ಸ್ಥಿತಿ. ಸಡಿಲ ಬಳಕೆಯಲ್ಲಿ ಯಾವುದೇ ಟ್ರಾಫಿಕ್ ಜಾಮ್‌ಗೂ ಈ ಇಂಗ್ಲಿಷ್ ಪದ ಸಲ್ಲುತ್ತದೆ.

ಪದ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಮ್ಯಾನ್‌ಹಟನ್‌ಗೆ 1811ರ ಯೋಜನೆಯೇ ಚೌಕುಳಿ ರಸ್ತೆಗಳನ್ನು ಗೊತ್ತುಮಾಡಿತ್ತು. ಗೊಂದಲವಿರುವುದು ಹುಟ್ಟಿದ ವರ್ಷದ ಬಗ್ಗೆ. 1980ರ ಏಪ್ರಿಲ್‌ನಲ್ಲಿ ಬಸ್ಸು ಮತ್ತು ಸುರಂಗ ರೈಲು ನೌಕರರು 11 ದಿನ ಮುಷ್ಕರ ಹೂಡಿದರು. ಪತ್ರಿಕೆಗಳಲ್ಲಿ ಪದ ಎದ್ದು ಕಂಡದ್ದು ಆಗ. ಆದ್ದರಿಂದ ಆ ವರ್ಷವನ್ನೇ ಹುಟ್ಟೆಂದೂ, ನಗರದ ಸಂಚಾರ ಎಂಜಿನಿಯರ್ ಸ್ಯಾಮ್ ಶ್ವಾರ್ಟ್ಸ್ ಅವರನ್ನೇ ಜನಕರೆಂದೂ ಹಲವರು ಬರೆದರು. ‘ಗ್ರಿಡ್‌ಲಾಕ್ ಸ್ಯಾಮ್’ ಎಂಬ ಹೆಸರೂ ಅವರಿಗೆ ಅಂಟಿಕೊಂಡಿತು. ಆದರೆ ಶ್ವಾರ್ಟ್ಸ್ ಹೇಳುವ ಪ್ರಕಾರ ಇಲಾಖೆಯ ಒಳಗೆ 1970ರ ದಶಕದಲ್ಲೇ ಈ ಮಾತು ಓಡಾಡುತ್ತಿತ್ತು. ಮೇಯರ್ ಜಾನ್ ಲಿಂಡ್ಸೆ ಕಾಲಕ್ಕೆ, ಅಂದರೆ 1971ಕ್ಕೂ ಅದು ಹೋಗಿರಬಹುದು. ಕಚೇರಿಯ ಮಾತನ್ನು ಮುಷ್ಕರ ಬೀದಿಗೆ ತಂದಿತೆನ್ನುವುದೇ ಒಪ್ಪತಕ್ಕ ವಿವರಣೆ.

ಪದದ ಮೂಲಾರ್ಥ ಬಹಳ ಖಚಿತವಾದದ್ದು. ಹಸಿರು ದೀಪ ಬಿದ್ದಿದೆ, ಆದರೆ ಆಚೆ ಬದಿಯ ರಸ್ತೆ ತುಂಬಿದೆ. ಆದರೂ ಚಾಲಕ ಜಂಕ್ಷನ್‌ಗೆ ನುಗ್ಗಿ ನಟ್ಟನಡುವೆ ನಿಲ್ಲುತ್ತಾನೆ. ದೀಪ ಬದಲಾದಾಗ ಅಡ್ಡರಸ್ತೆಯವರಿಗೆ ದಾರಿಯಿಲ್ಲ. ಅವರ ಸಾಲು ಬೆಳೆದು ಹಿಂದಿನ ಜಂಕ್ಷನ್ನನ್ನು ಮುಚ್ಚುತ್ತದೆ. ಅಲ್ಲಿಂದ ಇನ್ನೊಂದು, ಮತ್ತೊಂದು. ಹೀಗೆ ನಾಲ್ಕು ಮೂಲೆ ಸುತ್ತಿ ಸಾಲು ತನ್ನ ಮೊದಲ ವಾಹನವನ್ನೇ ತಡೆದಾಗ ಗ್ರಿಡ್‌ಲಾಕ್ ಪೂರ್ಣವಾಗುತ್ತದೆ. ಮಾಮೂಲಿ ಜಾಮ್‌ನಲ್ಲಿ ಮುಂದೆಲ್ಲೋ ಒಂದು ಕಾರಣವಿರುತ್ತದೆ, ಅದು ತೆರವಾದರೆ ಸಾಲು ಕರಗುತ್ತದೆ. ಇಲ್ಲಿ ಪ್ರತಿಯೊಬ್ಬರೂ ಮುಂದಿನವರಿಗಾಗಿ ಕಾಯುತ್ತಾರೆ, ಕೊನೆಯವರು ಮೊದಲನೆಯವರಿಗಾಗಿ. ಕಂಪ್ಯೂಟರ್ ವಿಜ್ಞಾನದ ‘ಡೆಡ್‌ಲಾಕ್’ ಕೂಡ ಇಂಥ ಸುತ್ತುಕಾಯುವಿಕೆಯೇ. ಅದಕ್ಕೆ ಬೇಕಾದ ನಾಲ್ಕು ಷರತ್ತುಗಳನ್ನು ಕಾಫ್‌ಮನ್ ಮತ್ತು ಸಂಗಡಿಗರು 1971ರಲ್ಲಿ ನಿರೂಪಿಸಿದರು.

ಮುಷ್ಕರದ ನಂತರ ಪದ ಬೇಗನೆ ರಾಜಕೀಯಕ್ಕೆ ದಾಟಿತು. 1992ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ, ಅಧ್ಯಕ್ಷರೂ ಕಾಂಗ್ರೆಸ್ಸೂ ಜಗ್ಗಾಡಿ ಕಾನೂನುಗಳು ನಿಂತುಹೋಗುವುದಕ್ಕೆ ಇದೇ ಹೆಸರು ನಿಂತಿತ್ತು.

ಪದ ಸಡಿಲವಾದದ್ದರಿಂದ ಪರಿಹಾರವೂ ಮಸುಕಾಗಿದೆ. ನಿಜವಾದ ಗ್ರಿಡ್‌ಲಾಕ್ ತಪ್ಪಿಸಲು ಬೇಕಾದದ್ದು ಅಗಲವಾದ ರಸ್ತೆಯಲ್ಲ, ಜಂಕ್ಷನ್ನಿನ ನಡುವೆ ಯಾರೂ ನಿಲ್ಲಬಾರದೆಂಬ ಕಟ್ಟುನಿಟ್ಟು. ಬ್ರಿಟನ್ನಿನಲ್ಲಿ 1967ರಿಂದ ಜಾರಿಗೆ ಬಂದ ಹಳದಿ ಗೆರೆಗಳ ಚೌಕ ಇದಕ್ಕಾಗಿಯೇ ಇದೆ: ಆಚೆ ಜಾಗ ಖಾಲಿಯಿಲ್ಲದೆ ನೇರ ಹೋಗುವವರು ಅದರೊಳಗೆ ಕಾಲಿಡುವಂತಿಲ್ಲ.