ಬರ, ಬೊಕ್ಕಸ, ಪ್ರಜಾಸಭೆ

ಸಂಸಾರದ ಒಳಗುಟ್ಟು ಸುಭಿಕ್ಷದ ದಿನಗಳಲ್ಲಿ ಹೊರಬೀಳುವುದಿಲ್ಲ. ಕಣಜ ತುಂಬಿರುವವರೆಗೆ ಯಜಮಾನನು ಹೇಗೆ ಹಂಚಿದರೂ ಮನೆಯವರು ಸುಮ್ಮನಿರುತ್ತಾರೆ. ಕಣಜದ ತಳ ಕಂಡ ದಿನ ಯಾರಿಗೆ ಎಷ್ಟು, ಯಾರು ಮೊದಲು, ಯಾರು ಕೊನೆ ಎಂಬ ಪ್ರಶ್ನೆಗಳು ಏಳುತ್ತವೆ. ಆ ಪ್ರಶ್ನೆಗಳನ್ನು ಕೇಳುವ ಹಕ್ಕು ಯಾರಿಗುಂಟು ಎಂಬ ಇನ್ನೂ ದೊಡ್ಡ ಪ್ರಶ್ನೆ ಅವುಗಳ ಹಿಂದೆಯೇ ಬರುತ್ತದೆ. ರಾಜ್ಯದ ಸಂಗತಿಯೂ ಇದೇ ತೆರನಾದುದು.

ಬಡತನದಿಂದ ಮೇಲೇಳಲು ಯತ್ನಿಸುತ್ತಿರುವ ನಾಡುಗಳಿಗೆ ಆರ್ಥಿಕ ವಿಪತ್ತು ಒದಗಿದಾಗಲೂ, ಆ ವಿಪತ್ತಿನ ಪರಿಹಾರಾರ್ಥವಾಗಿ ಸರ್ಕಾರಗಳು ಸುಧಾರಣೆಗಳನ್ನು ಹೂಡಿದಾಗಲೂ, ಪ್ರಭುತ್ವಕ್ಕೂ ಜನಸಮುದಾಯಕ್ಕೂ ಇರುವ ಸಂಬಂಧವು ಏನಾಗುತ್ತದೆ ಎಂಬುದನ್ನು ವಿದ್ವಾಂಸರು ಬಹುವಾಗಿ ವಿಚಾರಮಾಡುತ್ತಿದ್ದಾರೆ. ಆ ವಿಚಾರಕ್ಕೆ ತಕ್ಕ ದೃಷ್ಟಾಂತವು ನಮ್ಮ ಮನೆಯ ಬಾಗಿಲಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದಲ್ಲಿ ಐವತ್ತು ವರ್ಷಗಳ ಅವಧಿಯೊಳಗೆ ಇಂಥ ಎರಡು ವಿಪತ್ತುಗಳು ಸಂಭವಿಸಿದುವು. 1830ರ ನಗರದ ದಂಗೆ ಒಂದು. 1876ರಿಂದ 1878ರವರೆಗಿನ ಮಹಾಕ್ಷಾಮ ಇನ್ನೊಂದು. ಮೊದಲನೆಯದರಿಂದ ಅರಸರು ರಾಜ್ಯಾಧಿಕಾರವನ್ನು ಕಳೆದುಕೊಂಡರು. ಎರಡನೆಯದರ ಬೆನ್ನಲ್ಲಿ ಪ್ರಜಾಪ್ರತಿನಿಧಿಸಭೆಯು ಹುಟ್ಟಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ದೊರೆಯುವ ಪಾಠವೇನೆಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕಂಪನಿಯವರು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರಷ್ಟೆ. ಆಗ ಆದ ಒಡಂಬಡಿಕೆಯ ಪ್ರಕಾರ ಸಂಸ್ಥಾನವು ಪ್ರತಿವರ್ಷವೂ ಏಳು ಲಕ್ಷ ವರಹಗಳನ್ನು, ಎಂದರೆ ಸುಮಾರು 24½ ಲಕ್ಷ ರೂಪಾಯಿಗಳನ್ನು, ಕಂಪನಿಗೆ ಸಲ್ಲಿಸಬೇಕಾಗಿದ್ದಿತು. ಇದು ರಾಜ್ಯದ ಆದಾಯದಲ್ಲಿ ಬಹುದೊಡ್ಡ ಪಾಲು. ಮಳೆ ಬಂದರೂ ಬಾರದಿದ್ದರೂ ತೆರಬೇಕಾದ ಕಪ್ಪ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ಎಂದರೆ 1811ರವರೆಗೆ, ಬಿಗಿಯಾದ ಆಡಳಿತದಿಂದ ಈ ಹೊರೆಯನ್ನು ಹೊತ್ತುದಲ್ಲದೆ ಬೊಕ್ಕಸದಲ್ಲಿ ಹಣವೂ ಉಳಿದಿತ್ತು. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಆ ಹಣ ಕರಗಿತು. ಸೈನಿಕರ ಸಂಬಳ ಬಾಕಿ ನಿಂತಿತು. ಇತ್ತ ಧಾನ್ಯದ ಬೆಲೆ ಇಳಿದು, ರೈತನು ಮೊದಲಿನಷ್ಟೇ ಕಂದಾಯವನ್ನು ತೆರಬೇಕಾದರೆ ಹೆಚ್ಚು ಧಾನ್ಯವನ್ನು ಮಾರಬೇಕಾಯಿತು.

ಹಣದ ಮುಗ್ಗಟ್ಟಿಗೆ ಅಂದಿನ ಸರ್ಕಾರವು ಕಂಡುಕೊಂಡ ಉಪಾಯವೇ ಶರತ್ತಿನ ಪದ್ಧತಿ. ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಒದಗಿಸುತ್ತೇನೆಂದು ಅಮಲ್ದಾರನು ಒಪ್ಪಿ ಬರೆದುಕೊಡುವುದು. ವಸೂಲಿ ಕಡಮೆಯಾದರೆ ಕೊರತೆಯನ್ನು ಅವನೇ ತುಂಬುವುದು. ಕಾಗದದ ಮೇಲೆ ಇದು ಅಂದವಾದ ಏರ್ಪಾಟು. ಬೊಕ್ಕಸಕ್ಕೆ ಬರುವ ಹಣ ನಿಶ್ಚಿತವಾಯಿತು. ಹುಜೂರಿಗೆ ಚಿಂತೆ ತಪ್ಪಿತು. ರೈತರನ್ನು ಪೀಡಿಸಕೂಡದೆಂಬ ಮಾತೂ ಶರತ್ತಿನಲ್ಲಿ ಇದ್ದಿತು. ಆದರೆ ತನ್ನ ಕೈಯಿಂದ ಕೊರತೆ ತುಂಬಬೇಕಾದ ಅಧಿಕಾರಿಯು ರೈತನ ಕಷ್ಟವನ್ನು ಮೇಲಕ್ಕೆ ತಿಳಿಸುವನೇ? ಅವನ ಲಾಭನಷ್ಟಗಳೇ ಅವನ ಕಿವಿಯನ್ನು ಮುಚ್ಚಿದುವು. ಊರಿನ ಮೊರೆಯನ್ನು ಅರಮನೆಗೆ ಮುಟ್ಟಿಸಬೇಕಾದವನೇ ಆ ಮೊರೆಗೆ ಕಾರಣನಾದನು. ನಗರದ ಸೀಮೆಯಲ್ಲಂತೂ ಒಂದೇ ಬಂಧುವರ್ಗದವರು ಬಹುಕಾಲ ಅಧಿಕಾರದಲ್ಲಿ ನೆಲೆಯೂರಿದ್ದುದರಿಂದ ದೂರು ಹೇಳಲು ಬೇರೊಂದು ಬಾಗಿಲೇ ಇರಲಿಲ್ಲ.

ಹೀಗಾದಾಗ ಜನರು ತಮಗೆ ತಾವೇ ಒಂದು ಬಾಗಿಲನ್ನು ಮಾಡಿಕೊಂಡರು. ಊರೂರಿನ ರೈತರು ಒಟ್ಟುಗೂಡಿ ಕಂದಾಯ ಕೊಡುವುದಿಲ್ಲವೆಂದು ನಿಂತರು; ಈ ಜಮಾವಣೆಗಳಿಗೆ ‘ಕೂಟ’ವೆಂದು ಹೆಸರು. ಕೆಳದಿಯ ವಂಶದವನೆಂದು ಹೇಳಿಕೊಂಡ ಬೂದಿ ಬಸಪ್ಪನೂ, ತರೀಕೆರೆಯ ಪಾಳೆಯಗಾರ ಮನೆತನದ ಸರ್ಜಾ ಹನುಮಪ್ಪ ನಾಯಕನೂ ಸೇರಿಕೊಂಡ ಮೇಲೆ ಕೂಟವು ದಂಗೆಯಾಯಿತು. ಅರಸರ ಸೈನ್ಯ ಸಾಲದೆ ಕಂಪನಿಯ ಸೈನ್ಯ ಬರಬೇಕಾಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಪ್ರಭುವು ರಾಜ್ಯದ ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಂಡನು. ವರ್ಷಕ್ಕೊಂದು ಸಲ ರೈತರ ಮಾತನ್ನು ಕೇಳುವ ಏರ್ಪಾಟು ಆಗ ಇದ್ದಿದ್ದರೆ ಈ ಕಥೆ ಬೇರೆಯಾಗುತ್ತಿತ್ತೇ ಎಂಬುದು ಊಹೆಯ ಮಾತು. ಆದರೆ ಕೂಟವು ಮೊದಲು ಬೇಡಿದ್ದು ರಾಜ್ಯವನ್ನಲ್ಲ, ವಿಚಾರಣೆಯನ್ನು ಎಂಬುದನ್ನು ಮರೆಯಬಾರದು.

ಆನಂತರದ ಐವತ್ತು ವರ್ಷ ಕಮೀಷನರುಗಳ ಆಳ್ವಿಕೆ. 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ ಸಾಹೇಬರು ಒಳ್ಳೆಯ ಆಡಳಿತಗಾರರೆಂಬುದರಲ್ಲಿ ಸಂದೇಹವಿಲ್ಲ. ಅವರ ಕಾಲದಲ್ಲಿ ಏಳುನೂರಕ್ಕೂ ಮಿಕ್ಕ ಚಿಲ್ಲರೆ ತೆರಿಗೆಗಳು ರದ್ದಾದುವು. ಸುಮಾರು 1,600 ಮೈಲಿಗಳಷ್ಟು ರಸ್ತೆಗಳಾದುವು. ಕಂದಾಯದ ಹೊರೆ ಹಗುರವಾಯಿತು, ನಾಡು ಶಾಂತವಾಗಿದ್ದಿತು. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ಬೆಂಗಳೂರನ್ನು ಮುಟ್ಟಿತು. ಆದರೂ ಈ ಸುಧಾರಣೆಗಳೆಲ್ಲ ಮೇಲಿನಿಂದ ಕೆಳಕ್ಕೆ ಇಳಿದುವು. ಪ್ರಜೆಗಳ ಕಷ್ಟವನ್ನು ಅರಿಯುವ ಹೊಣೆ ಅಧಿಕಾರಿಯ ಕರುಣೆಗೂ ಚುರುಕಿಗೂ ಸೇರಿದ್ದಾಗಿತ್ತು. ಅಧಿಕಾರಿಯು ಒಳ್ಳೆಯವನಾದರೆ ಆಳ್ವಿಕೆಯೂ ಒಳ್ಳೆಯದು. ಕೇಳುವ ಕಿವಿ ಅವನದು, ಕೇಳಿಸುವ ನಾಲಗೆಯೂ ಅವನ ಕೈಕೆಳಗಿನ ನೌಕರನದೇ.

ಈ ಏರ್ಪಾಟಿನ ಪರೀಕ್ಷೆ ಧಾತು ಸಂವತ್ಸರದಲ್ಲಿ ನಡೆಯಿತು. 1875ರಲ್ಲಿಯೇ ಮಳೆ ಕೊರತೆಯಾಗಿದ್ದಿತು; 1876ರಲ್ಲಿ ಪೂರ್ತಿಯಾಗಿ ಕೈಕೊಟ್ಟಿತು. ಬಯಲುಸೀಮೆಯ ಕೆರೆಗಳು ಒಣಗಿದುವು. ಮೇವಿಲ್ಲದೆ ದನಕರುಗಳು ಸತ್ತುವು. ರೈಲಿನಲ್ಲಿ ಬೆಂಗಳೂರಿಗೆ ಧಾನ್ಯ ಬಂದಿತು, ಆದರೆ ಅಲ್ಲಿಂದ ಮುಂದಕ್ಕೆ ಬಂಡಿಗಳಲ್ಲಿ ಸಾಗಬೇಕು, ಬಂಡಿಗೆ ಕಟ್ಟಲು ಎತ್ತುಗಳಿಲ್ಲ. ಧಾನ್ಯ ಒಂದು ಕಡೆ, ಹಸಿವು ಇನ್ನೊಂದು ಕಡೆ. ಜನರು ಗುಳೆ ಎದ್ದು ಪಟ್ಟಣದ ಹಾದಿ ಹಿಡಿದರು. ಹಲವರು ಹಾದಿಯಲ್ಲೇ ಉಳಿದರು. ಮರುವರ್ಷ ಈಶ್ವರ ಸಂವತ್ಸರದಲ್ಲೂ ಸಂಕಟ ಮುಂದುವರಿಯಿತು. ‘ಧಾತು ಈಶ್ವರದ ಬರ’ ಎಂಬ ಮಾತು ಹಳೆಯ ಮೈಸೂರಿನ ಮನೆಗಳಲ್ಲಿ ಎರಡು ಮೂರು ತಲೆಮಾರುಗಳವರೆಗೆ ಉಳಿದು ಬಂದುದು ಈ ಕಾರಣದಿಂದ.

ಅಂಕಿಗಳು ಇನ್ನೂ ಕಠಿನವಾಗಿ ಮಾತನಾಡುತ್ತವೆ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನವು ಬೆಳೆಯದಿದ್ದುದಲ್ಲದೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಮೆಯಾಯಿತು. ಕೂಡಿಟ್ಟಿದ್ದ ಹಣವೆಲ್ಲ ಕ್ಷಾಮಕಾರ್ಯಕ್ಕೆ ಖರ್ಚಾಗಿ, ಸಂಸ್ಥಾನದ ಮೇಲೆ 80 ಲಕ್ಷ ರೂಪಾಯಿ ಸಾಲ ಬಿದ್ದಿತು. ಆಡಳಿತದಲ್ಲಿ ದಯೆಯಿಲ್ಲದೆ ಹೀಗಾಯಿತೆನ್ನುವುದು ನ್ಯಾಯವಲ್ಲ. ಗಂಜಿಯ ಕೇಂದ್ರಗಳು ತೆರೆದುವು, ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸವು ಕ್ಷಾಮಪೀಡಿತರಿಗೆ ಕೂಲಿಯಾಗಲೆಂದು ಆರಂಭವಾಯಿತು. ಆದರೆ ಮಾರಿ ಹೊಸ್ತಿಲೊಳಗೆ ಬಂದ ಮೇಲೆ ಮಾಡಿದ ಈ ಕಾರ್ಯಗಳು ಹಸಿವಿನ ವೇಗಕ್ಕೆ ಸಾಲದಾದುವು. ಹಳ್ಳಿಯ ಕಣಜ ಬರಿದಾದುದನ್ನು ಹಳ್ಳಿಯವನೇ ಎಲ್ಲರಿಗಿಂತ ಮೊದಲು ಬಲ್ಲನು. ಅವನ ಮಾತಿಗೆ ಸರ್ಕಾರದಲ್ಲಿ ಪೀಠವಿರಲಿಲ್ಲ.

1881ರ ಮಾರ್ಚಿ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಬಂದಾಗ, ಅವರಿಗೆ ದೊರೆತ ಆಸ್ತಿಯೊಂದಿಗೆ ಈ ಸಾಲವೂ ಕ್ಷೀಣಿಸಿದ ಪ್ರಜೆಯೂ ಸೇರಿದ್ದುವು. ಕಪ್ಪವನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸಬೇಕೆಂಬ ಷರತ್ತು ಹಸ್ತಾಂತರದ ಪತ್ರದಲ್ಲಿಯೇ ಇದ್ದಿತು. ಕ್ಷಾಮದ ದೆಸೆಯಿಂದ ಆ ಏರಿಕೆಯನ್ನು ಮುಂದಕ್ಕೆ ಹಾಕಿ, ಕಡೆಗೆ 1896ರಿಂದ ಜಾರಿಗೆ ತಂದರು. ದಿವಾನ್ ರಂಗಾಚಾರ್ಲು ಅವರ ಮುಂದಿದ್ದ ದಾರಿ ಒಂದೇ: ಖರ್ಚನ್ನು ಕತ್ತರಿಸುವುದು. ಅದನ್ನು ಅವರು ಅಂಜದೆ ಮಾಡಿದರು. ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿ ಹಾಸನ, ಚಿತ್ರದುರ್ಗಗಳ ಜಿಲ್ಲಾಪದವಿಯನ್ನೇ ತೆಗೆದರು. 1886ರಲ್ಲಿ ಅವೆರಡನ್ನೂ ಮತ್ತೆ ಜಿಲ್ಲೆಗಳಾಗಿ ಮಾಡಬೇಕಾಯಿತೆಂಬುದು ಬೇರೆಯ ಮಾತು.

ಇಷ್ಟರಲ್ಲಿಯೇ ನಿಂತಿದ್ದರೆ ಅವರು ಇನ್ನೊಬ್ಬ ಮಿತವ್ಯಯಿ ಮಂತ್ರಿಯೆನಿಸಿಕೊಳ್ಳುತ್ತಿದ್ದರು. ಖರ್ಚು ಕತ್ತರಿಸುವ ಕೆಲಸದ ಜೊತೆಯಲ್ಲಿಯೇ ಅವರು ಇನ್ನೊಂದು ಕೆಲಸ ಮಾಡಿದರು. 1881ರ ಆಗಸ್ಟ್ 25ರ ಆಜ್ಞೆಯಿಂದ ಪ್ರಜಾಪ್ರತಿನಿಧಿಸಭೆಯು ಏರ್ಪಟ್ಟಿತು. ಅಕ್ಟೋಬರ್ 7ರಂದು ದಸರೆಯ ಕಾಲದಲ್ಲಿ 144 ಮಂದಿ ರೈತರೂ ವರ್ತಕರೂ ಮೈಸೂರಿನಲ್ಲಿ ಮೊದಲ ಸಲ ಕೂಡಿದರು. ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ದಿವಾನರು ಅವರ ಮುಂದೆ ಇಡುವುದು, ಅವರು ತಮ್ಮ ಊರಿನ ಕುಂದುಕೊರತೆಗಳನ್ನು ನೇರವಾಗಿ ನಿವೇದಿಸುವುದು, ಇದೇ ಸಭೆಯ ಕ್ರಮ. ಸರ್ಕಾರದ ಹಿತವೂ ಪ್ರಜೆಗಳ ಹಿತವೂ ಒಂದೇ ಎಂಬುದನ್ನು ಪ್ರಜೆಗಳಿಗೆ ಮನಗಾಣಿಸುವುದು ಆಜ್ಞೆಯ ಉದ್ದೇಶವಾಗಿದ್ದಿತು.

ಇದಕ್ಕೆ ಅಧಿಕಾರವೇನಿತ್ತು ಎಂದು ಕೇಳುವವರುಂಟು. ಮತ ಹಾಕುವ ಅಧಿಕಾರವಿರಲಿಲ್ಲ. ಆಯವ್ಯಯವನ್ನು ತಡೆಯುವ ಶಕ್ತಿಯಿರಲಿಲ್ಲ. ಮೊದಲ ಸದಸ್ಯರು ಚುನಾಯಿತರೂ ಅಲ್ಲ. ಆದರೂ ಅಮಲ್ದಾರನ ಮೇಲಿನ ದೂರನ್ನು ಅಮಲ್ದಾರನ ಮೂಲಕವೇ ಕಳುಹಿಸಬೇಕಾಗಿದ್ದ ನಾಡಿನಲ್ಲಿ, ತಾಲ್ಲೂಕಿನ ರೈತನೊಬ್ಬನು ಎದ್ದು ನಿಂತು ದಿವಾನರ ಇದಿರಿನಲ್ಲಿ ಮಾತನಾಡಬಹುದಾದುದು ಅಲ್ಪ ಸಂಗತಿಯಲ್ಲ. 1830ರ ಕೂಟವು ಕಾಡಿನಂಚಿನಲ್ಲಿ ಸೇರಿ ಕೂಗಿಕೊಂಡುದನ್ನೇ 1881ರ ಸಭೆಯು ರಾಜಧಾನಿಯಲ್ಲಿ ಕುಳಿತು ವಿನಯದಿಂದ ಹೇಳುವಂತಾಯಿತು. ಒಮ್ಮೆ ತೆರೆದ ಬಾಗಿಲನ್ನು ಮತ್ತೆ ಮುಚ್ಚುವುದು ಸುಲಭವಲ್ಲ. 1891ರಲ್ಲಿ ಚುನಾವಣೆಯ ಹಕ್ಕು ಬಂದಿತು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆತು, ಹೊಸ ತೆರಿಗೆಗಳ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಪಡೆಯಬೇಕೆಂಬ ನಿಯಮವಾಯಿತು. 1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಬಂದ ಮೇಲೆ ತನ್ನ ಕಾರ್ಯ ತೀರಿದಂತಾಗಿ, 1949ರಲ್ಲಿ ಆ ಸಭೆಯು ಮುಗಿಯಿತು.

ಇಲ್ಲಿಗೆ ಕಥೆಯನ್ನು ಮಂಗಳದಲ್ಲಿ ಮುಗಿಸಿಬಿಡುವುದು ಹಿತವಾಗಿ ಕಾಣಬಹುದು. ಆದರೆ ಒಂದು ಮಾತನ್ನು ನುಂಗಿಕೊಂಡರೆ ಇತಿಹಾಸಕ್ಕೆ ದ್ರೋಹವಾದೀತು. ಸಭೆಯಲ್ಲಿ ಪೀಠ ದೊರೆತುದು ಭೂಮಿಯುಳ್ಳವರಿಗೆ, ವ್ಯಾಪಾರವುಳ್ಳವರಿಗೆ. ಚುನಾವಣೆ ಬಂದ ಮೇಲೂ ಮತದ ಹಕ್ಕು ಕಂದಾಯಕ್ಕೂ ಆಸ್ತಿಗೂ ಅಂಟಿಕೊಂಡಿತ್ತು. ಧಾತು ಈಶ್ವರದ ಬರದಲ್ಲಿ ಮೊದಲು ಬಿದ್ದವರಾರು? ಅಂದಂದಿನ ಕೂಲಿಯಿಂದ ಅಂದಂದಿನ ಹಿಟ್ಟು ಕಾಣುತ್ತಿದ್ದವರು, ನೆಲವಿಲ್ಲದವರು, ಊರ ಹೊರಗಿನ ಕೇರಿಯವರು. ಯಾರ ಸಾವಿನಿಂದ ಜನಗಣತಿಯ ಅಂಕಿ ಇಳಿಯಿತೋ ಅವರ ಬಳಗದವರಿಗೆ ಆ ಮೊದಲ ಸಭೆಯಲ್ಲಿ ಪೀಠವಿರಲಿಲ್ಲ. ಅವರ ಕೈಗೆ ಮತಪತ್ರ ಬಂದುದು ವಯಸ್ಕ ಮತದಾನದ ಮೇಲೆ ನಡೆದ 1951-52ರ ಮಹಾಚುನಾವಣೆಯಲ್ಲಿ. ಬರದಿಂದ ಮತದವರೆಗೆ ಎಪ್ಪತ್ತೈದು ವರ್ಷ! ವಿಪತ್ತು ಎಲ್ಲರ ಮೇಲೂ ಬೀಳುತ್ತದೆ. ವಿಪತ್ತಿನ ಅನಂತರದ ಸುಧಾರಣೆಯು ಮಾತ್ರ ಬಾಯಿದ್ದವರ ಮನೆಗೆ ಮೊದಲು ಹೋಗುತ್ತದೆ.

ಮೈಸೂರಿನ ಈ ಅನುಭವವು ಮೈಸೂರಿಗಷ್ಟೇ ಸೇರಿದುದಲ್ಲವೆಂಬುದಕ್ಕೆ ಈಚಿನ ಕಾಲದ ಮೂರು ನಿದರ್ಶನಗಳು ಸಾಕು. 1977ರ ಜನವರಿಯಲ್ಲಿ ಈಜಿಪ್ಟಿನ ಸರ್ಕಾರವು ಸಾಲದ ಒತ್ತಡದಲ್ಲಿ ಹಿಟ್ಟು, ಅಕ್ಕಿ, ಅಡಿಗೆ ಎಣ್ಣೆಗಳ ಮೇಲಿನ ಸಹಾಯಧನವನ್ನು ಥಟ್ಟನೆ ಕಡಿತಮಾಡಿತು. ಎರಡು ದಿನಗಳ ದೊಂಬಿಯಾಗಿ, ಸೈನ್ಯವನ್ನು ಬೀದಿಗಿಳಿಸಿದ್ದಲ್ಲದೆ ಬೆಲೆಗಳನ್ನೂ ಹಿಂದಕ್ಕೆ ಇಳಿಸಬೇಕಾಯಿತು. ಇಂಡೊನೇಷ್ಯದಲ್ಲಿ 1997ರಲ್ಲಿ ನಾಣ್ಯದ ಬೆಲೆ ಕುಸಿದು, 1998ರ ಮೇ ತಿಂಗಳ ಮೊದಲಲ್ಲಿ ಇಂಧನದ ದರವನ್ನು ಏರಿಸಲು, ಮೂವತ್ತು ವರ್ಷಗಳಿಗೂ ಮಿಕ್ಕಿ ಆಳಿದ ಸುಹಾರ್ತೋ ಅದೇ ತಿಂಗಳ 21ರಂದು ಅಧಿಕಾರವನ್ನು ಬಿಡಬೇಕಾಯಿತು. ನಮ್ಮ ದೇಶದಲ್ಲಿಯೇ 1991ರ ಜುಲೈನಲ್ಲಿ ವಿದೇಶಿ ಹಣ ಬರಿದಾಗಿ, ಚಿನ್ನವನ್ನು ಅಡವಿಟ್ಟು, ರೂಪಾಯಿಯ ಬೆಲೆಯನ್ನು ಇಳಿಸಿದಾಗ ಗೊಬ್ಬರದ ದರವನ್ನು ಶೇಕಡಾ 40ರಷ್ಟು ಏರಿಸುವ ಸೂಚನೆ ಬಂದಿತು. ಪಾರ್ಲಿಮೆಂಟಿನಲ್ಲಿ ಪ್ರತಿಭಟನೆಯೆದ್ದು, ಏರಿಕೆಯು ಶೇಕಡಾ 30ಕ್ಕೆ ಇಳಿಯಿತು. ಸಣ್ಣ ರೈತರಿಗೆ ವಿನಾಯಿತಿ ದೊರೆಯಿತು. ಸುಧಾರಣೆಯೂ ನಿಲ್ಲಲಿಲ್ಲ, ಸರ್ಕಾರವೂ ಬೀಳಲಿಲ್ಲ. ಮೂರೂ ಕಡೆಗಳಲ್ಲಿ ಬೊಕ್ಕಸದ ಸಂಕಟ ಒಂದೇ ಬಗೆಯದು. ಕಹಿಯನ್ನು ಉಣ್ಣಿಸುವ ಮೊದಲು ಉಣ್ಣುವವರ ಮಾತಿಗೆ ಎಡೆಯಿತ್ತೇ ಇಲ್ಲವೇ ಎಂಬುದರಲ್ಲಿ ಭೇದ ಕಾಣುತ್ತದೆ.

ಆರ್ಥಿಕ ಸುಧಾರಣೆಗಳು ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಲೆಕ್ಕದ ಪುಸ್ತಕವನ್ನು ನೋಡುತ್ತೇವೆ. ಅದನ್ನು ನೋಡಲೇಬೇಕು, ಸಾಲ ತೀರದೆ ರಾಜ್ಯವಿಲ್ಲ. ಆದರೆ ಶರತ್ತಿನ ಪದ್ಧತಿಯೂ ಲೆಕ್ಕದ ಪುಸ್ತಕದಲ್ಲಿ ಅಂದವಾಗಿಯೇ ಇತ್ತೆಂಬುದನ್ನು ನೆನೆಯಬೇಕು. ಸರ್ಕಾರವು ತನ್ನ ಕಷ್ಟವನ್ನು ಪ್ರಜೆಗೆ ಹೇಳಿಕೊಳ್ಳುವುದೂ, ಪ್ರಜೆಯು ತನ್ನ ಕಷ್ಟವನ್ನು ಸರ್ಕಾರಕ್ಕೆ ಹೇಳಿಕೊಳ್ಳುವುದೂ ಒಂದೇ ಚಾವಡಿಯಲ್ಲಿ ನಡೆದರೆ, ಕಷ್ಟವು ಇಬ್ಬರನ್ನೂ ಹತ್ತಿರಕ್ಕೆ ತರುತ್ತದೆ. ಆ ಚಾವಡಿಯಲ್ಲಿ ಇನ್ನೂ ಜಾಗ ದೊರೆಯದವರು ಯಾರಾದರೂ ಇರುವರೇ ಎಂದು ಪ್ರತಿಯೊಂದು ತಲೆಮಾರೂ ಹೊರಗೆ ಬಂದು ನೋಡಬೇಕು. ಬರವು ಮೊದಲು ತಟ್ಟುವುದು ಅವರ ಬಾಗಿಲನ್ನೇ.