‘ಯೂದೊಕಿಯ’: ಮೆಚ್ಚುಗೆಯೋ ಒಲುಮೆಯೋ?

ಲೂಕನ ಸುವಾರ್ತೆಯ 2:14ರಲ್ಲಿ ದೇವದೂತರು ಹಾಡುವ ಶಾಂತಿ ಯಾರಿಗೆ ಸೇರಿದ್ದು? ಉತ್ತರ ನಿಂತಿರುವುದು ‘ಯೂದೊಕಿಯ’ ಎಂಬ ಗ್ರೀಕ್ ಪದದ ಮೇಲೆ, ಅದರಲ್ಲೂ ಕೊನೆಯ ‘ಸ್’ ಅಕ್ಷರದ ಮೇಲೆ. ಆ ಅಕ್ಷರವಿಲ್ಲದಿದ್ದರೆ ‘ಮನುಷ್ಯರಲ್ಲಿ ದಯೆ’ ಎಂದಾಗುತ್ತದೆ. ಇದ್ದರೆ ಪದ ಷಷ್ಠಿಗೆ ತಿರುಗಿ, ಶಾಂತಿ ‘ಯೂದೊಕಿಯದ ಮನುಷ್ಯರಿಗೆ’ ಸಲ್ಲುತ್ತದೆ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿಗೆ ಕೈಹಾಕಿದಾಗ ಪ್ರಚಲಿತವಿದ್ದ ಮುದ್ರಿತ ಗ್ರೀಕ್ ಪಾಠದಲ್ಲಿ ಆ ‘ಸ್’ ಇರಲಿಲ್ಲ. ವ್ಯಾಟಿಕನ್ ಮತ್ತು ಸಿನಾಯ್ ಹಸ್ತಪ್ರತಿಗಳ ಮೊದಲ ಬರಹದಲ್ಲಿ ಅದಿದೆ. ಹಳೆಯದೂ ಕ್ಲಿಷ್ಟವೂ ಆದ ಈ ಪಾಠವನ್ನೇ ಇಂದಿನ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಲ್ಯಾಟಿನ್ ಅನುವಾದದ ದಾರಿಯಲ್ಲಿ ಇದು ‘ಒಳ್ಳೆಯ ಮನಸ್ಸುಳ್ಳವರು’ ಎಂದು ರೂಢಿಯಾಯಿತು. ಒಳ್ಳೆಯತನ ಮನುಷ್ಯನದಾಯಿತು. ಆದರೆ ಗ್ರೀಕ್ ಕೀರ್ತನೆಗಳಲ್ಲಿ ಈ ಪದ ಹೀಬ್ರೂವಿನ ‘ರಾತ್ಸೋನ್’ಗೆ ಸಾಟಿ, ಅಂದರೆ ದೇವರ ಚಿತ್ತ, ದೇವರ ಪ್ರಸನ್ನತೆ. ಕುಮ್ರಾನ್ ಗುಹೆಗಳಲ್ಲಿ 1947ರಿಂದ ಸಿಕ್ಕ ಸುರುಳಿಗಳ ಸ್ತುತಿಗೀತೆಗಳಲ್ಲಿಯೂ ‘ಅವನ ರಾತ್ಸೋನಿನ ಮಕ್ಕಳು’ ಎಂಬ ಪ್ರಯೋಗವಿದೆ. ಲೂಕನ ನುಡಿಗಟ್ಟು ಈ ಬಳಗದ್ದು. ಇಲ್ಲಿ ಮನಸ್ಸು ದೇವರದು.

ಕನ್ನಡ ಸತ್ಯವೇದ ಇಲ್ಲಿ ‘ಮೆಚ್ಚು’ ಧಾತುವನ್ನು ಆಯ್ದುಕೊಂಡಿತು. ಕರ್ತೃ ದೇವರೇ ಆದದ್ದು ದೊಡ್ಡ ಗೆಲುವು. ತೊಡಕು ಬೇರೆ ಕಡೆ ಇದೆ. ಹರಿಹರ, ನಂದಿಗುಡಿಯ ಸೀಮೆಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಮೆಚ್ಚುವ ದೇವರು ಗೊತ್ತು: ತಪಸ್ಸು ಮುಗಿದ ಮೇಲೆ ಪ್ರತ್ಯಕ್ಷನಾಗಿ ‘ನಿನ್ನ ಭಕ್ತಿಗೆ ಮೆಚ್ಚಿದೆ, ಏನು ವರ ಬೇಕು ಕೇಳು’ ಎನ್ನುವವನು. ಮೆಚ್ಚಬೇಕಾದರೆ ಮೊದಲು ಮೆಚ್ಚತಕ್ಕದ್ದೊಂದು ಇರಬೇಕು. ಒಲಿಯುವುದಕ್ಕೆ ಆ ಲೆಕ್ಕಾಚಾರ ಕಡಿಮೆ. ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಸೆಪ್ಟೆಂಬರಿನಲ್ಲಿ ಹರಕೆ ಹೊತ್ತು ಬರುವ ಹಿಂದೂ ಹೆಣ್ಣುಮಗಳು ‘ತಾಯಿ ಒಲಿದ್ಳು’ ಅಂದರೆ, ತನ್ನ ಯೋಗ್ಯತೆಯ ಮಾತನ್ನು ಆಕೆ ಎತ್ತಿರುವುದಿಲ್ಲ. (ಹರಕೆಯೂ ಒಂದು ಬಗೆಯ ಲೇವಾದೇವಿಯೇ ಎನ್ನುವವರಿಗೆ ನನ್ನ ತಕರಾರಿಲ್ಲ, ನಾನು ನೋಡುತ್ತಿರುವುದು ಕ್ರಿಯಾಪದವನ್ನು.)

ಲೂಕನೇ ಇದಕ್ಕೆ ಸಾಕ್ಷಿ. ಅವನ ಸುವಾರ್ತೆಯಲ್ಲಿ ‘ಯೂದೊಕಿಯ’ ಮತ್ತೆ ಬರುವುದು 10:21ರಲ್ಲಿ ಮಾತ್ರ: ಜ್ಞಾನಿಗಳಿಗೆ ಮರೆಮಾಡಿದ್ದನ್ನು ಕೂಸುಗಳಿಗೆ ತೋರಿಸುವುದೇ ತಂದೆಯ ಯೂದೊಕಿಯ. ಅಲ್ಲಿ ಅರ್ಹತೆಯ ಮಾನದಂಡವೇ ತಲೆಕೆಳಗು. 3:22ರ ದೀಕ್ಷಾಸ್ನಾನದಲ್ಲಿ ಇದೇ ಮೂಲದ ಕ್ರಿಯಾಪದ ಕೇಳಿಬರುವಾಗ ಯೇಸು ಬೋಧನೆಯನ್ನಾಗಲಿ ಅದ್ಭುತವನ್ನಾಗಲಿ ಇನ್ನೂ ಆರಂಭಿಸಿಲ್ಲ. ಆದ್ದರಿಂದ 2:14ಕ್ಕೆ ‘ದೇವರು ಒಲಿದ ಮನುಷ್ಯರು’ ಎಂಬುದೇ ಹತ್ತಿರದ ಕನ್ನಡ ಎಂದು ನನ್ನ ವಾದ.

ಇದನ್ನು ಎಲ್ಲೆಡೆಗೂ ಹಚ್ಚುವಂತಿಲ್ಲ. ಹೊಸ ಒಡಂಬಡಿಕೆಯಲ್ಲಿ ಈ ಪದ ಒಂಬತ್ತು ಸಲ ಬರುತ್ತದೆ. ಫಿಲಿಪ್ಪಿಯವರಿಗೆ 1:15ರಲ್ಲಿ ಅದು ಬೋಧಕರ ಸದ್ಭಾವ, ಮತ್ಸರಕ್ಕೆ ಎದುರಾದದ್ದು. ರೋಮಾಪುರದವರಿಗೆ 10:1ರಲ್ಲಿ ತನ್ನ ಜನರ ರಕ್ಷಣೆಗಾಗಿ ಪೌಲನ ಎದೆಯಲ್ಲಿದ್ದ ಹಂಬಲ. ಅಲ್ಲಿ ‘ಒಲುಮೆ’ ಒಗ್ಗುವುದಿಲ್ಲ, ‘ಮೆಚ್ಚುಗೆ’ಯಂತೂ ಇಲ್ಲವೇ ಇಲ್ಲ.